ಹೈಸ್ಕೂಲಿನಿಂದ ಕಾಲೇಜಿಗೆ: ಕೇಳಲು ಕಲಿಯಬೇಕಾದ ನೂರು ದಿನಗಳು

ಎಸ್ಸೆಸೆಲ್ಸಿ ಫಲಿತಾಂಶ ಬಂದ ದಿನ ಮನೆ ಮನೆಗಳಲ್ಲಿ ಸಂಭ್ರಮ. 625ರಲ್ಲಿ ಇಷ್ಟು ಅಂಕ ಬಂತೆಂದು ಸಂಬಂಧಿಕರಿಗೆ ಫೋನು ಹೋಗುತ್ತದೆ. ನೆರೆಮನೆಗೆ ಸಿಹಿ ಹೋಗುತ್ತದೆ. ಊರಿನ ಸಂಘದವರು ಕರೆದು ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ಆದರೆ ಅದೇ ಹುಡುಗ, ಅದೇ ಹುಡುಗಿ ಸೆಪ್ಟೆಂಬರ್ ತಿಂಗಳಲ್ಲಿ ಹೇಗಿದ್ದಾರೆ ಎಂದು ಕೇಳುವವರು ಬಹಳ ಕಡಿಮೆ. ಅಷ್ಟರಲ್ಲಿ ಕಾಲೇಜಿನ ಮೊದಲ ಕಿರುಪರೀಕ್ಷೆ ಮುಗಿದಿರುತ್ತದೆ. ಶಾಲೆಯಲ್ಲಿ ತೊಂಬತ್ತು ಅಂಕ ಪಡೆಯುತ್ತಿದ್ದವರ ಉತ್ತರ ಪತ್ರಿಕೆಯಲ್ಲಿ ಹನ್ನೆರಡೋ ಹದಿನಾಲ್ಕೋ ಅಂಕ ಇರುತ್ತದೆ. ಮನೆಯಲ್ಲಿ ಆ ಪತ್ರಿಕೆಯನ್ನು ತೋರಿಸುವುದಿಲ್ಲ. ಬೆಳಿಗ್ಗೆ ತಲೆನೋವು ಶುರುವಾಗುತ್ತದೆ. 'ಇವತ್ತು ಹೆಚ್ಚು ಕ್ಲಾಸ್ ಇಲ್ಲ' ಎಂಬ ಮಾತು ವಾರಕ್ಕೆರಡು ಸಲ ಕೇಳಿ ಬರುತ್ತದೆ.

ಇಂತಹ ಅನೇಕ ಮಕ್ಕಳನ್ನು ಒಬ್ಬ ಅಧ್ಯಾಪಕನಾಗಿ ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಅವರೆಲ್ಲರೂ ಹೇಳುವ ಮಾತು ಒಂದೇ: "ಸರ್, ಕ್ಲಾಸಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ನನಗೆ ಮಾತ್ರ ಆಗುವುದಿಲ್ಲ." ತಮಾಷೆಯೆಂದರೆ, ಅದೇ ಬೆಂಚಿನ ಪಕ್ಕದವನೂ ಇದೇ ಮಾತನ್ನು ಹೇಳುತ್ತಾನೆ. ಇಬ್ಬರಿಗೂ ಅರ್ಥವಾಗಿಲ್ಲ. ಇಬ್ಬರೂ ಕೇಳಲಿಲ್ಲ. ಇಬ್ಬರೂ ಇನ್ನೊಬ್ಬನಿಗೆ ಅರ್ಥವಾಗಿದೆ ಎಂದುಕೊಂಡು ಸುಮ್ಮನೆ ಕುಳಿತರು.

ಹೈಸ್ಕೂಲಿನಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಬೇಕಾದ ಮಾತುಗಳು ಹಲವಿವೆ. ಆದರೆ ಅವೆಲ್ಲವುಗಳ ಬೇರು ಒಂದೇ. ಮೊದಲ ನೂರು ದಿನಗಳಲ್ಲಿ 'ನನಗೆ ಇದು ಗೊತ್ತಾಗಲಿಲ್ಲ' ಎಂದು ಬಾಯಿ ಬಿಟ್ಟು ಹೇಳಲು ಕಲಿತವರು ದಡ ಸೇರುತ್ತಾರೆ.

ಬದಲಾಗುವುದು ಪುಸ್ತಕ ಮಾತ್ರವಲ್ಲ

ಹೈಸ್ಕೂಲಿನಲ್ಲಿ ನಿಮ್ಮ ಹಿಂದೆ ಹತ್ತು ಜನ ಇದ್ದರು. ತರಗತಿ ಅಧ್ಯಾಪಕರಿಗೆ ನಿಮ್ಮ ಹೆಸರು, ನಿಮ್ಮ ಮನೆ, ನಿಮ್ಮ ಅಣ್ಣನ ಹೆಸರು ಕೂಡ ಗೊತ್ತಿತ್ತು. ಮನೆಕೆಲಸ ಮಾಡದಿದ್ದರೆ ನಿಲ್ಲಿಸಿ ಕೇಳುತ್ತಿದ್ದರು. ನೋಟ್ಸನ್ನು ಓದಿ ಬರೆಸುತ್ತಿದ್ದರು. ಹತ್ತನೆಯ ತರಗತಿಯ ಕೊನೆಯ ಮೂರು ತಿಂಗಳು ಹಳೆಯ ಪ್ರಶ್ನೆ ಪತ್ರಿಕೆಗಳನ್ನು ಮತ್ತೆ ಮತ್ತೆ ಬಿಡಿಸಿ, ಯಾವ ಪ್ರಶ್ನೆ ಬಂದರೂ ಉತ್ತರಿಸುವಂತೆ ತಯಾರು ಮಾಡಿದ್ದರು. ನಿಮ್ಮ ಅಂಕದಲ್ಲಿ ನಿಮ್ಮ ಶ್ರಮದಷ್ಟೇ ಅವರ ಒತ್ತಾಯವೂ ಇದೆ.

ಕಾಲೇಜಿನಲ್ಲಿ ಉಪನ್ಯಾಸಕರು ಬರುತ್ತಾರೆ, ಪಾಠ ಮಾಡುತ್ತಾರೆ, ಹೋಗುತ್ತಾರೆ. ಒಂದೊಂದು ವಿಭಾಗದಲ್ಲಿ ಎಪ್ಪತ್ತು ಎಂಬತ್ತು ಮಕ್ಕಳಿದ್ದರೆ ಎಲ್ಲರ ಪುಸ್ತಕ ತಿದ್ದಲು ಅವರಿಗೆ ಸಮಯವಿರುವುದಿಲ್ಲ. ನೀವು ಓದಿದಿರಾ ಎಂದು ದಿನಾ ಕೇಳುವವರಿಲ್ಲ. ಹಾಗೆಂದು ಅವರಿಗೆ ಕಾಳಜಿ ಇಲ್ಲವೆಂದು ಭಾವಿಸಬಾರದು. ಸಂಶಯ ಕೇಳಲು ಸ್ಟಾಫ್ ರೂಮಿಗೆ ಹೋಗುವ ವಿದ್ಯಾರ್ಥಿಯನ್ನು ಗದರಿಸಿ ಕಳುಹಿಸುವ ಉಪನ್ಯಾಸಕರು ಅಪರೂಪ. ವ್ಯತ್ಯಾಸ ಇಷ್ಟೇ. ಶಾಲೆಯಲ್ಲಿ ಅಧ್ಯಾಪಕರು ನಿಮ್ಮ ಬಳಿಗೆ ಬರುತ್ತಿದ್ದರು, ಇಲ್ಲಿ ನೀವೇ ಅವರ ಬಳಿಗೆ ಹೋಗಬೇಕು.

ಈ ಸ್ವಾತಂತ್ರ್ಯವನ್ನು ಕೆಲವರು ಬಿಡುವು ಎಂದು ತಿಳಿಯುತ್ತಾರೆ. ಹಾಜರಾತಿ ಶೇಕಡಾ 75ಕ್ಕಿಂತ ಕಡಿಮೆಯಾದರೆ ವಾರ್ಷಿಕ ಪರೀಕ್ಷೆಗೆ ಕೂರುವುದೇ ಕಷ್ಟ ಎಂಬುದು ಅವರ ಗಮನಕ್ಕೆ ಬರುವುದು ಜನವರಿಯಲ್ಲಿ.

ಯಾವ ವಿಭಾಗ?

ಇದು ಮನೆಯಲ್ಲಿ ಚರ್ಚೆಯಾಗುವ ಮೊದಲ ಪ್ರಶ್ನೆ. ನಮ್ಮಲ್ಲಿ ಹೆಚ್ಚಾಗಿ ಅಂಕಪಟ್ಟಿಯೇ ಇದನ್ನು ತೀರ್ಮಾನಿಸುತ್ತದೆ. ತೊಂಬತ್ತರ ಮೇಲಾದರೆ ವಿಜ್ಞಾನ, ಎಪ್ಪತ್ತಾದರೆ ವಾಣಿಜ್ಯ, ಅದಕ್ಕಿಂತ ಕಡಿಮೆಯಾದರೆ ಕಲಾ ವಿಭಾಗ. ಇದು ಮಕ್ಕಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ. ಇತಿಹಾಸ ಮತ್ತು ಸಮಾಜ ವಿಜ್ಞಾನದಲ್ಲಿ ನಿಜವಾದ ಆಸಕ್ತಿಯಿರುವ ಹುಡುಗಿಯನ್ನು ಭೌತಶಾಸ್ತ್ರದ ಲೆಕ್ಕಗಳ ಮುಂದೆ ಕೂರಿಸಿ ಎರಡು ವರ್ಷ ಅಳಿಸುವುದರಲ್ಲಿ ಯಾರಿಗೂ ಲಾಭವಿಲ್ಲ.

ಕೆಲವು ವಿಷಯಗಳು ಸ್ಪಷ್ಟವಾಗಿ ತಿಳಿದಿರಲಿ. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು, ಅದಕ್ಕೆ ನೀಟ್ ಪರೀಕ್ಷೆ ಬರೆಯಬೇಕು. ಇಂಜಿನಿಯರಿಂಗಿಗೆ ಗಣಿತ ಬೇಕು. ಪಿಸಿಎಂಬಿ ತೆಗೆದುಕೊಂಡರೆ ಎರಡೂ ಬಾಗಿಲು ತೆರೆದಿರುತ್ತದೆ, ಆದರೆ ನಾಲ್ಕು ಭಾರವಾದ ವಿಷಯಗಳನ್ನು ಒಟ್ಟಿಗೆ ಹೊರಬೇಕಾಗುತ್ತದೆ. ವಕೀಲರಾಗಲು ವಿಜ್ಞಾನವೇ ಬೇಕೆಂದಿಲ್ಲ. ಯಾವ ವಿಭಾಗದಲ್ಲಿ ಪಿಯುಸಿ ಮುಗಿಸಿದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಐಎಎಸ್, ಕೆಎಎಸ್ ಪರೀಕ್ಷೆಗಳಿಗೆ ಯಾವ ಪದವಿಯಾದರೂ ಸಾಕು. ಚಾರ್ಟರ್ಡ್ ಅಕೌಂಟೆಂಟ್ ಆಗಲು ಪಿಯುಸಿಯ ನಂತರ ಫೌಂಡೇಶನ್ ಪರೀಕ್ಷೆ ಬರೆಯಬಹುದು. ವಾಣಿಜ್ಯ ವಿಭಾಗದ ಅಕೌಂಟೆನ್ಸಿ ಹೆಚ್ಚುಕಡಿಮೆ ಎಲ್ಲರಿಗೂ ಹೊಸ ವಿಷಯ. ಡೆಬಿಟ್, ಕ್ರೆಡಿಟ್ ಎಂದರೇನೆಂದು ಅಲ್ಲಿ ಎಲ್ಲರೂ ಮೊದಲ ದಿನದಿಂದಲೇ ಕಲಿಯುತ್ತಾರೆ. ಹಾಗಾಗಿ ಹೈಸ್ಕೂಲಿನಲ್ಲಿ ಹಿಂದುಳಿದವರಿಗೂ ಅಲ್ಲಿ ಸಮಾನ ಆರಂಭವಿದೆ.

ಪಿಯುಸಿಯೊಂದೇ ದಾರಿಯೂ ಅಲ್ಲ. ಕೈಕೆಲಸದಲ್ಲಿ ಆಸಕ್ತಿಯಿರುವ ಹುಡುಗರಿಗೆ ಐಟಿಐ ಇದೆ, ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಗಲ್ಫಿಗೆ ಹೋಗಲೇಬೇಕೆಂದು ನಿರ್ಧರಿಸಿರುವ ಕುಟುಂಬಗಳು ಕೂಡ ಒಂದು ಮಾತು ಯೋಚಿಸಲಿ. ಎಲೆಕ್ಟ್ರಿಷಿಯನ್ ಎಂಬ ಸರ್ಟಿಫಿಕೇಟು ಕೈಯಲ್ಲಿಟ್ಟುಕೊಂಡು ಹೋಗುವವನಿಗೂ ಬರಿಗೈಯಲ್ಲಿ ಹೋಗುವವನಿಗೂ ಸಂಬಳದಲ್ಲಿ ವ್ಯತ್ಯಾಸವಿದೆ.

ಎರಡನೆಯ ಭಾಷೆಯ ಆಯ್ಕೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಒಟ್ಟು 600 ಅಂಕಗಳಲ್ಲಿ 200 ಅಂಕ ಎರಡು ಭಾಷೆಗಳದ್ದು. ಕನ್ನಡ, ಹಿಂದಿ, ಉರ್ದು, ಅರಬಿ ಇವುಗಳಲ್ಲಿ ಕಾಲೇಜಿನಲ್ಲಿ ಇರುವುದನ್ನು ನೋಡಿ, ನಿಮಗೆ ಚೆನ್ನಾಗಿ ಬರೆಯಲು ಬರುವ ಭಾಷೆಯನ್ನು ಆರಿಸಿ. ಗೆಳೆಯ ಆರಿಸಿದನೆಂದು ಆರಿಸಬೇಡಿ.

ಒಂದು ವೇಳೆ ವಿಭಾಗದ ಆಯ್ಕೆ ತಪ್ಪಾಯಿತೆಂದು ಮೊದಲ ಎರಡು ಮೂರು ವಾರಗಳಲ್ಲಿ ಅನಿಸಿದರೆ ತಕ್ಷಣ ಪ್ರಾಂಶುಪಾಲರನ್ನು ಕಾಣಿ. ಸೀಟು ಇದ್ದರೆ ಆರಂಭದಲ್ಲಿ ಬದಲಾಯಿಸುವುದು ಸುಲಭ. ನವೆಂಬರಿನಲ್ಲಿ ಹೇಳಿದರೆ ಅವರೂ ಅಸಹಾಯಕರು.

ಭಾಷೆಯ ಹೊಸ್ತಿಲು

ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದು ವಿಜ್ಞಾನ ಸೇರುವ ಮಕ್ಕಳ ಕಷ್ಟ ಬೇರೆಯೇ. ಅವರಿಗೆ ವಿಷಯ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. 'ಜಡತ್ವ' ಗೊತ್ತು, ಆದರೆ 'ಇನರ್ಶಿಯಾ' ಎಂದಾಗ ಅದು ಯಾವುದೋ ಹೊಸ ಪಾಠ ಅನಿಸುತ್ತದೆ. ದ್ಯುತಿಸಂಶ್ಲೇಷಣೆಯ ಚಿತ್ರ ಬರೆದು ಪೂರ್ತಿ ಅಂಕ ಪಡೆದ ಹುಡುಗಿ 'ಫೋಟೋಸಿಂಥೆಸಿಸ್' ಎಂದಾಗ ಪೆನ್ನು ಕೆಳಗಿಡುತ್ತಾಳೆ. ವಕ್ರೀಭವನ 'ರಿಫ್ರ್ಯಾಕ್ಷನ್' ಆಗುತ್ತದೆ, ವರ್ಗ ಸಮೀಕರಣ 'ಕ್ವಾಡ್ರಾಟಿಕ್ ಈಕ್ವೇಷನ್' ಆಗುತ್ತದೆ. ಹಳೆಯ ಸ್ನೇಹಿತರು ಹೊಸ ಬಟ್ಟೆ ಹಾಕಿಕೊಂಡು ಬಂದರೆ ಗುರುತು ಸಿಗದ ಹಾಗೆ.

ಇದಕ್ಕೆ ಮದ್ದು ಸರಳ. ಒಂದು ನೂರು ಪುಟದ ನೋಟ್ ಪುಸ್ತಕ ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಬದಿಯಲ್ಲಿ ಕನ್ನಡದ ಪದ, ಬಲಬದಿಯಲ್ಲಿ ಇಂಗ್ಲಿಷ್ ಪದ. ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳ ಇಂಗ್ಲಿಷ್ ಪ್ರತಿಯನ್ನು ಯಾರಿಂದಲಾದರೂ ಕೇಳಿ ಪಡೆದು, ರಜೆಯಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ಪಾಠ ಗೊತ್ತಿರುವುದರಿಂದ ಭಾಷೆ ತಾನಾಗಿ ತೆರೆಯುತ್ತದೆ. ದಿನಕ್ಕೆ ಹತ್ತು ಪದ ಬರೆದರೂ ಕಾಲೇಜು ಆರಂಭವಾಗುವಾಗ ಮುನ್ನೂರು ನಾನ್ನೂರು ಪದಗಳು ನಿಮ್ಮವಾಗಿರುತ್ತವೆ. ಈಗಾಗಲೇ ಕಾಲೇಜು ಸೇರಿದವರು ಇವತ್ತು ರಾತ್ರಿಯಿಂದಲೇ ಆರಂಭಿಸಬಹುದು.

ಇನ್ನೊಂದು ಗುಟ್ಟು. ಪ್ರಥಮ ಪಿಯುಸಿ ಭೌತಶಾಸ್ತ್ರದ ಆರಂಭದ ಅಧ್ಯಾಯಗಳಲ್ಲೇ ವೇಗವನ್ನು ಲೆಕ್ಕ ಹಾಕಲು ಡೆರಿವೇಟಿವ್ ಎಂಬ ಗಣಿತ ಬಳಸುತ್ತಾರೆ. ಗಣಿತ ಪುಸ್ತಕದಲ್ಲಿ ಆ ಪಾಠ ಬರುವುದು ವರ್ಷದ ಕೊನೆಯ ಭಾಗದಲ್ಲಿ. ಆದ್ದರಿಂದ ಜೂನ್, ಜುಲೈ ತಿಂಗಳಲ್ಲಿ ಭೌತಶಾಸ್ತ್ರ ತಲೆಗೆ ಹೋಗದಿದ್ದರೆ ಅದು ನಿಮ್ಮ ಬುದ್ಧಿಯ ದೋಷವಲ್ಲ. ಪುಸ್ತಕಗಳ ಕ್ರಮವೇ ಹಾಗಿದೆ. ಗಣಿತ ಉಪನ್ಯಾಸಕರ ಬಳಿ ಹೋಗಿ ಅದರ ಮೂಲ ವಿಚಾರವನ್ನು ಅರ್ಧ ಗಂಟೆ ಕೇಳಿಕೊಂಡರೆ ಅರ್ಧ ಭಯ ಹೋಗುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನೂ ಒಮ್ಮೆ ತಿರುವಿ ಹಾಕಿ. ಅದು ಪಿಯುಸಿಯಲ್ಲಿ ಹೆಜ್ಜೆ ಹೆಜ್ಜೆಗೂ ಬೇಕಾಗುತ್ತದೆ.

ಮುತಾಲಆ ಮತ್ತು ತಕ್ರಾರ್

ಮದ್ರಸಾಗಳಲ್ಲಿ ಹಿಂದಿನಿಂದಲೂ ನಡೆದು ಬಂದಿರುವ ಎರಡು ಅಭ್ಯಾಸಗಳು ಪಿಯುಸಿ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂತಿವೆ. ಮೊದಲನೆಯದು ಮುತಾಲಆ. ಅಂದರೆ ನಾಳೆ ಉಸ್ತಾದರು ಮಾಡಲಿರುವ ಪಾಠವನ್ನು ಇಂದು ರಾತ್ರಿಯೇ ಒಮ್ಮೆ ಓದಿಕೊಂಡು ಹೋಗುವುದು. ಎಲ್ಲವೂ ಅರ್ಥವಾಗಬೇಕೆಂದಿಲ್ಲ. ಎಲ್ಲಿ ತಡೆಯುತ್ತದೆ ಎಂದು ಗೊತ್ತಾದರೆ ಸಾಕು. ಹಾಗೆ ಓದಿಕೊಂಡು ಹೋದವನು ತರಗತಿಯಲ್ಲಿ ಆ ಜಾಗ ಬಂದಾಗ ಕಿವಿ ಚುರುಕು ಮಾಡುತ್ತಾನೆ. ಓದದೆ ಹೋದವನಿಗೆ ಎಲ್ಲವೂ ಒಂದೇ ಸದ್ದು.

ಎರಡನೆಯದು ತಕ್ರಾರ್. ಕನ್ನಡದಲ್ಲಿ ತಕರಾರು ಎಂದರೆ ಆಕ್ಷೇಪ, ಜಗಳ. ಪದದ ಮೂಲ ಒಂದೇ ಆದರೂ ಅರಬಿಯಲ್ಲಿ ಅದಕ್ಕೆ ಮತ್ತೆ ಮತ್ತೆ ಹೇಳುವುದು ಎಂದು ಅರ್ಥ. ಪಾಠ ಮುಗಿದ ಮೇಲೆ ನಾಲ್ಕೈದು ಸಹಪಾಠಿಗಳು ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಆ ದಿನದ ಪಾಠವನ್ನು ಉಸ್ತಾದರ ಸ್ಥಾನದಲ್ಲಿ ನಿಂತು ಉಳಿದವರಿಗೆ ಹೇಳುತ್ತಾನೆ. ಉಳಿದವರು ಪ್ರಶ್ನಿಸುತ್ತಾರೆ. ಮರುದಿನ ಇನ್ನೊಬ್ಬನ ಸರದಿ. ನಮಗೆ ಗೊತ್ತಿದೆ ಎಂದುಕೊಂಡದ್ದು ಎಷ್ಟು ಗೊತ್ತಿಲ್ಲ ಎಂಬುದು ಇನ್ನೊಬ್ಬರಿಗೆ ಹೇಳಲು ಹೊರಟಾಗಲೇ ತಿಳಿಯುವುದು.

ಕಾಲೇಜಿನಲ್ಲಿ ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ ಸಾಕು. ಮೂವರು ಸೇರಿ. ಒಬ್ಬಳು ಆ ದಿನದ ಒಂದು ಪಾಠವನ್ನು ಕನ್ನಡದಲ್ಲೋ ಬ್ಯಾರಿಯಲ್ಲೋ ಉರ್ದುವಿನಲ್ಲೋ ಉಳಿದಿಬ್ಬರಿಗೆ ವಿವರಿಸಲಿ. ತಡೆದ ಜಾಗವನ್ನು ಚೀಟಿಯಲ್ಲಿ ಬರೆದುಕೊಂಡು ಸಂಜೆಯೊಳಗೆ ಉಪನ್ಯಾಸಕರಲ್ಲಿ ಕೇಳಿ. ಒಬ್ಬರೇ ಕೇಳಲು ನಾಚಿಕೆಯಾದರೆ ಮೂವರೂ ಒಟ್ಟಿಗೆ ಹೋಗಿ. ಹಣ ಕೊಟ್ಟು ಹೋಗುವ ಟ್ಯೂಶನ್ನಿಗಿಂತ ಇದು ಯಾವ ರೀತಿಯಲ್ಲೂ ಕಡಿಮೆಯಲ್ಲ.

'ಪ್ರಥಮ ಪಿಯುಸಿ ಲೆಕ್ಕಕ್ಕಿಲ್ಲ'

ಈ ಮಾತನ್ನು ಸೀನಿಯರ್‌ಗಳು ಮೊದಲ ವಾರದಲ್ಲೇ ನಿಮ್ಮ ಕಿವಿಗೆ ಹಾಕುತ್ತಾರೆ. ಇದು ಅರ್ಧ ಸತ್ಯ. ಪ್ರಥಮ ವರ್ಷದ ಅಂಕಗಳು ದ್ವಿತೀಯ ಪಿಯುಸಿಯ ಅಂಕಪಟ್ಟಿಗೆ ಸೇರುವುದಿಲ್ಲ ಎಂಬುದು ನಿಜ. ಆದರೆ ಕರ್ನಾಟಕದ ಸಿಇಟಿಯಲ್ಲಿಯೂ ನೀಟ್‌ನಲ್ಲಿಯೂ ಎರಡೂ ವರ್ಷಗಳ ಪಾಠಗಳಿಂದ ಪ್ರಶ್ನೆಗಳು ಬರುತ್ತವೆ. ಇಂಜಿನಿಯರಿಂಗ್ ರ್‍ಯಾಂಕ್ ಕೊಡುವಾಗ ಸಿಇಟಿ ಅಂಕಗಳಿಗೂ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೂ ಅರ್ಧ ಅರ್ಧ ಬೆಲೆ. ಮೊದಲ ವರ್ಷ ಬಿಟ್ಟವರು ಎರಡನೆಯ ವರ್ಷದಲ್ಲಿ ಎರಡು ವರ್ಷದ ಭಾರ ಹೊರುತ್ತಾರೆ. ವಾಣಿಜ್ಯದಲ್ಲೂ ಹಾಗೆಯೇ. ಮೊದಲ ವರ್ಷದ ಜರ್ನಲ್, ಲೆಡ್ಜರ್ ಬಾರದವನಿಗೆ ಎರಡನೆಯ ವರ್ಷದ ಪಾಲುದಾರಿಕೆ ಲೆಕ್ಕ ತಲೆಗೆ ಹೋಗುವುದಿಲ್ಲ.

ಅದೇ ರೀತಿ, ಮೊದಲ ಕಿರುಪರೀಕ್ಷೆಯ ಅಂಕ ಕಂಡು ಎದೆಗುಂದುವುದೂ ತಪ್ಪು. ಅದು ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಎಷ್ಟಿದೆ ಎಂದು ತೋರಿಸುತ್ತದೆ, ಅಷ್ಟೇ. ಥರ್ಮಾಮೀಟರನ್ನು ಅಡಗಿಸಿಟ್ಟರೆ ಜ್ವರ ಇಳಿಯುವುದಿಲ್ಲ. ಆ ಉತ್ತರ ಪತ್ರಿಕೆಯನ್ನು ಹಿಡಿದು ಉಪನ್ಯಾಸಕರ ಬಳಿ ಹೋಗಿ, 'ಸರ್, ನಾನು ಎಲ್ಲಿ ತಪ್ಪಿದೆ?' ಎಂದು ಕೇಳುವ ಐದು ನಿಮಿಷ ಇಡೀ ವರ್ಷವನ್ನು ಉಳಿಸಬಲ್ಲದು.

ಕಾಗದ ಪತ್ರಗಳು

ಓದಿನಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ. ಹೈಸ್ಕೂಲು ಬಿಡುವಾಗ ವರ್ಗಾವಣೆ ಪತ್ರ, ಅಂಕಪಟ್ಟಿಯ ಜೊತೆಗೆ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನೂ ಪಡೆದಿಟ್ಟುಕೊಳ್ಳಿ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಪ್ರತ್ಯೇಕ ಮೀಸಲಾತಿ ಇದೆ. ಎರಡು ವರ್ಷದ ನಂತರ ಹಳೆಯ ಶಾಲೆಗಳಿಗೆ ಅಲೆಯುವುದಕ್ಕಿಂತ ಈಗಲೇ ಪಡೆಯುವುದು ಸುಲಭ. ನಿಮ್ಮ ಸ್ಯಾಟ್ಸ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇರಲಿ. 'ಮುಹಮ್ಮದ್' ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಬರೆಸಿ ವಿದ್ಯಾರ್ಥಿವೇತನ ಕಳೆದುಕೊಂಡವರು ನಮ್ಮ ನಡುವೆ ಕಡಿಮೆಯೇನಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ಸರಕಾರದ ಎಸ್ಸೆಸ್ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ದೂರದ ಊರಿನವರು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಲಿ. ಇಲ್ಲಿಯೂ ಕೇಳಿದವರಿಗೆ ಮಾತ್ರ ಸಿಗುತ್ತದೆ.

2022ರ ಆರಂಭದಲ್ಲಿ ಉಡುಪಿಯಿಂದ ಶುರುವಾದ ಸಮವಸ್ತ್ರದ ವಿವಾದದಿಂದ ಅನೇಕ ವಿದ್ಯಾರ್ಥಿನಿಯರ ಓದಿಗೆ ಅಡ್ಡಿಯಾದದ್ದು ನಮಗೆಲ್ಲ ನೆನಪಿದೆ. ಆದ್ದರಿಂದ ಕಾಲೇಜಿನ ಸಮವಸ್ತ್ರದ ನಿಯಮವೇನೆಂದು ಶುಲ್ಕ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ. ವರ್ಷದ ನಡುವೆ ಮಗಳು ಗೇಟಿನ ಬಳಿ ನಿಲ್ಲುವಂತಾಗಬಾರದು.

ಬಸ್ಸು, ಮೊಬೈಲು, ಬೈಕು

ಕಾಲೇಜು ದೂರವಾದರೆ ದಿನಕ್ಕೆ ಎರಡು ಮೂರು ಗಂಟೆ ದಾರಿಯಲ್ಲೇ ಹೋಗುತ್ತದೆ. ಸೇರುವ ಮೊದಲು ಒಂದು ದಿನ ಹೆತ್ತವರೂ ಮಕ್ಕಳೂ ಅದೇ ಸಮಯದ ಬಸ್ಸಿನಲ್ಲಿ ಹೋಗಿ ಬನ್ನಿ. ಸರಕಾರಿ ಬಸ್ಸುಗಳಲ್ಲಿ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಹುಡುಗಿಯರಿಗೆ ದೊಡ್ಡ ಅನುಕೂಲ. ಆದರೆ ಕರಾವಳಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವುದರಿಂದ ನಿಮ್ಮ ದಾರಿಯಲ್ಲಿ ಸರಕಾರಿ ಬಸ್ಸು ಎಷ್ಟು ಗಂಟೆಗಿದೆ ಎಂದು ನೋಡಿಕೊಳ್ಳಬೇಕು.

ಕಾಲೇಜಿನ ವಾಟ್ಸಾಪ್ ಗುಂಪಿಗಾಗಿ ಮೊಬೈಲ್ ಬೇಕೆನ್ನುವುದು ಸರಿಯೇ. ಆದರೆ ನೋಟ್ಸ್ ನೋಡಲು ಹದಿನೈದು ನಿಮಿಷ ಸಾಕು. ಉಳಿದ ಮೂರು ಗಂಟೆ ಎಲ್ಲಿ ಹೋಯಿತೆಂದು ನಿಮಗೇ ಗೊತ್ತು. ರಾತ್ರಿ ಹತ್ತರ ನಂತರ ಮನೆಯವರೆಲ್ಲರ ಮೊಬೈಲುಗಳೂ ಅಡುಗೆ ಮನೆಯ ಕಪಾಟಿನ ಮೇಲಿರಲಿ. ತಂದೆಯ ಮೊಬೈಲ್ ಕೂಡ.

ಎಸ್ಸೆಸೆಲ್ಸಿ ಪಾಸಾದ ಉಡುಗೊರೆಯಾಗಿ ಹುಡುಗರಿಗೆ ಬೈಕ್ ಕೊಡಿಸುವ ಹೆತ್ತವರು ಒಂದು ವಿಷಯ ತಿಳಿದಿರಲಿ. 18 ವರ್ಷ ತುಂಬದವರು ಬೈಕ್ ಓಡಿಸಿ ಅಪರಾಧವಾದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೆತ್ತವರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡವನ್ನಾದರೂ ಕಟ್ಟಬಹುದು. ರಸ್ತೆಯಲ್ಲಿ ಹೋದ ಮಗ ಮರಳಿ ಬರುವುದಿಲ್ಲ.

ಹೆತ್ತವರೊಡನೆ ಎರಡು ಮಾತು

'ಇವತ್ತು ಏನು ಕಲಿತೆ?' ಎಂದು ಕೇಳಿದರೆ ಮಕ್ಕಳು 'ಎಲ್ಲ ಕಲಿತೆ' ಎನ್ನುತ್ತಾರೆ. 'ಇವತ್ತು ಏನು ಅರ್ಥವಾಗಲಿಲ್ಲ?' ಎಂದು ಕೇಳಿ ನೋಡಿ. ನೀವು ಓದಿಲ್ಲದಿದ್ದರೂ ಪರವಾಗಿಲ್ಲ. ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ. ಅರ್ಥವಾಗದಿರುವುದು ಅವಮಾನವಲ್ಲ ಎಂಬುದು ಮಗುವಿಗೆ ಗೊತ್ತಾದರೆ ಸಾಕು. ಅರ್ಥವಾಗಲಿಲ್ಲ ಎಂದು ಮನೆಯಲ್ಲಿ ಹೇಳಬಲ್ಲ ಮಗು ಕಾಲೇಜಿನಲ್ಲೂ ಹೇಳುತ್ತದೆ. ಮನೆಯಲ್ಲಿ ಹೇಳಿದ್ದಕ್ಕೆ ಬೈಸಿಕೊಂಡ ಮಗು ಕಾಲೇಜಿನಲ್ಲಿ ಬಾಯಿ ತೆರೆಯುವುದಿಲ್ಲ.

ಸಂಜೆ ಬಸ್ಸಿಳಿದು ಬರುವ ಮಗನಿಗೆ ಚಹಾ, ಅದೇ ಬಸ್ಸಿನಲ್ಲಿ ಬಂದ ಮಗಳಿಗೆ ಪಾತ್ರೆ ತೊಳೆಯುವ ಕೆಲಸ ಎಂಬ ರೂಢಿ ಇನ್ನೂ ನಮ್ಮ ಮನೆಗಳಲ್ಲಿದೆ. ಮನೆಕೆಲಸ ಕಲಿಯುವುದು ತಪ್ಪಲ್ಲ, ಇಬ್ಬರೂ ಕಲಿಯಲಿ. ಆದರೆ ದಿನಕ್ಕೆ ಎರಡು ಗಂಟೆ ಯಾರೂ ಕರೆಯದ ಒಂದು ಮೂಲೆ ಮಗಳಿಗೆ ಬೇಕು.

ಪ್ರತಿ ವರ್ಷ ಮೊದಲ ಪರೀಕ್ಷೆಯ ನಂತರ ಕೆಲವು ಹುಡುಗರು ಅಂಗಡಿಗೆ ಹೋಗುತ್ತಾರೆ, ಕೆಲವು ಹುಡುಗಿಯರಿಗೆ ಗಂಡು ನೋಡಲು ಆರಂಭವಾಗುತ್ತದೆ. 'ಅವಳಿಗೆ ಓದು ಹತ್ತುವುದಿಲ್ಲ' ಎಂದು ಮನೆಯವರು ತೀರ್ಮಾನಿಸಿ ಬಿಡುತ್ತಾರೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ ಎಂಬುದು ಒಂದು ಕಡೆ ಇರಲಿ. ಹದಿನಾರನೆಯ ವಯಸ್ಸಿನಲ್ಲಿ, ಹೊಸ ಭಾಷೆಯಲ್ಲಿ, ಮೂರು ತಿಂಗಳ ಓದಿನ ಮೇಲೆ ಬರೆದ ಒಂದು ಕಿರುಪರೀಕ್ಷೆ ಒಬ್ಬಳ ಇಡೀ ಬದುಕನ್ನು ತೀರ್ಮಾನಿಸುವುದು ಯಾವ ನ್ಯಾಯ? ಆ ತೀರ್ಮಾನಕ್ಕೆ ಮುನ್ನ ಒಮ್ಮೆ ಕಾಲೇಜಿಗೆ ಹೋಗಿ. ಉಪನ್ಯಾಸಕರನ್ನು ಕಾಣಿ. ವಿಭಾಗ ಬದಲಾಯಿಸಬಹುದೇ, ಎಲ್ಲಿ ತೊಂದರೆಯಾಗಿದೆ ಎಂದು ವಿಚಾರಿಸಿ. ರಾಜ್ಯದಲ್ಲಿ ಎಸ್ಸೆಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಪರೀಕ್ಷಾ ಮಂಡಳಿಯೇ ಮಕ್ಕಳಿಗೆ ಮತ್ತೊಂದು ಅವಕಾಶ ಕೊಡುವಾಗ ಹೆತ್ತವರು ಒಂದಕ್ಕೇ ಕೈಬಿಡಬೇಕೇ?

ಮಗು ಊಟ ಬಿಟ್ಟಿದ್ದರೆ, ನಿದ್ದೆ ಮಾಡದಿದ್ದರೆ, ಯಾರೊಂದಿಗೂ ಮಾತನಾಡದಿದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ವಿದ್ಯಾರ್ಥಿ ಮಿತ್ರರೇ, ಕಾಲೇಜಿನ ಮೊದಲ ನೂರು ದಿನಗಳಲ್ಲಿ ನಿಮ್ಮ ಅಂಕ ಎಷ್ಟೆಂದು ಯಾರೇ ಕೇಳಲಿ, ನೀವು ನಿಮ್ಮಲ್ಲೇ ಕೇಳಿಕೊಳ್ಳಬೇಕಾದ ಲೆಕ್ಕ ಬೇರೆ. ಈ ವಾರ ನಾನು ಎಷ್ಟು ಪ್ರಶ್ನೆ ಕೇಳಿದೆ? ಒಂದೂ ಇಲ್ಲವಾದರೆ ಸೋಮವಾರ ಒಂದನ್ನು ಕೇಳಿ. ಮೊದಲ ಪ್ರಶ್ನೆ ಕೇಳುವಾಗ ಧ್ವನಿ ನಡುಗುತ್ತದೆ, ಹಿಂದಿನ ಬೆಂಚಿನಲ್ಲಿ ಯಾರೋ ನಗಲೂಬಹುದು. ನಗುವವನಿಗೂ ಅದರ ಉತ್ತರ ಗೊತ್ತಿರುವುದಿಲ್ಲ. ನೀವು ಕೇಳಿದ್ದರಿಂದ ಅವನಿಗೂ ಗೊತ್ತಾಗುತ್ತದೆ.